ಉಳಿದ ನೂಲಿನ ಅಲಂಕಾರ: ಚಿತ್ರದ ಜೊತೆ ಅಳತೆಯೂ ಬೇಕು

ಮಾನ್ಯ ಸಂಪಾದಕರೇ,

ಹೆಣಿಗೆ ಮುಗಿದ ಮೇಲೆ ಉಳಿಯುವ ಉಲ್ಲನ್ ಉಂಡೆಗಳಿಂದ ಅಲಂಕಾರದ ಸಾಮಾನು ಮಾಡುವ ಬಗೆಯನ್ನು ಪತ್ರಿಕೆಗಳ ಪುರವಣಿಗಳು ಆಗಾಗ ಪ್ರಕಟಿಸುತ್ತವೆ. ಚಿತ್ರಗಳು ಕಣ್ಣಿಗೆ ಹಬ್ಬ. ಆದರೆ ಯಾವ ನೂಲು, ಎಷ್ಟು ಗ್ರಾಂ, ಯಾವ ದಾರದಿಂದ ಕಟ್ಟಬೇಕು ಎಂಬುದು ಅಲ್ಲಿ ಸಿಗುವುದು ಅಪರೂಪ. ಓದಿ ಮಾಡಹೊರಟವರ ನೂಲಿನ ಚೆಂಡು (ಪಾಂಪಾಮ್) ನಾಲ್ಕು ದಿನಕ್ಕೆ ಉದುರುತ್ತದೆ, ಬಲೂನಿನ ಮೇಲೆ ಸುತ್ತಿದ ಗೋಳ ಕುಸಿಯುತ್ತದೆ. ತಮ್ಮ ಕೈಗುಣವೇ ಸರಿಯಿಲ್ಲವೆಂದು ಅವರು ಕೈಬಿಡುತ್ತಾರೆ. ತಪ್ಪು ಬಹುತೇಕ ಕೈಯದಲ್ಲ, ನೂಲಿನ ಆಯ್ಕೆಯದು. ಪ್ರತಿ ಕರಕುಶಲದ ಕೆಳಗೆ ಈ ಮೂರು ವಿವರಗಳನ್ನು ಎರಡು ಸಾಲಿನಲ್ಲಿ ಅಚ್ಚು ಹಾಕಿದರೆ ಸಾಕು ಎಂಬುದು ನಮ್ಮ ಕೋರಿಕೆ. ಏಕೆ ಬೇಕು ಎಂಬುದನ್ನು ಕೆಳಗೆ ಬರೆದಿದ್ದೇವೆ.

ಮೊದಲ ಕೆಲಸ ವಿಂಗಡಣೆ. ಎಲ್ಲರೂ ಬಣ್ಣದ ಪ್ರಕಾರ ವಿಂಗಡಿಸುತ್ತಾರೆ, ಬೇಕಿರುವುದು ನೂಲಿನ ಜಾತಿಯ ಪ್ರಕಾರ. ಉಳಿದ ಉಂಡೆಗಳ ಲೇಬಲ್ ಎಂದೋ ಕಳೆದುಹೋಗಿರುತ್ತದೆ, ಉಲ್ಲನ್ ಎಂದು ಕೊಂಡದ್ದರಲ್ಲಿ ಬಹಳಷ್ಟು ಅಕ್ರಿಲಿಕ್ ಎಂಬ ಕೃತಕ ನೂಲಾಗಿರುತ್ತದೆ. ಗುರುತಿಸಲು ಸುಟ್ಟು ನೋಡುವುದೊಂದೇ ಸುಲಭದ ದಾರಿ. ಐದಾರು ಸೆಂ.ಮೀ. ತುಂಡನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ, ತುದಿಗೆ ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಕರಿ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿ ಬಿಡುತ್ತದೆ. ಅಕ್ರಿಲಿಕ್ ಕರಗಿ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಕರಿ ಮಣಿ ಉಳಿಸುತ್ತದೆ. ಕರಗಿದ ಹನಿ ಚರ್ಮಕ್ಕೆ ಅಂಟಿ ಸುಡುವುದರಿಂದ ನೀರಿನ ಬಟ್ಟಲನ್ನು ಮರೆಯಬಾರದು, ಈ ಕೆಲಸವನ್ನು ಮಕ್ಕಳ ಕೈಗೆ ಕೊಡಲೂಬಾರದು. ಎರಡರ ಗುಣವೂ ಕಂಡರೆ ಅದು ಮಿಶ್ರ ನೂಲು. ಅದನ್ನು ನೇಯ್ಗೆಗೆ ಇಟ್ಟುಕೊಳ್ಳಿ.

ಆಮೇಲೆ ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಉದ್ದ ಅಳೆಯುವ ಗೋಜಿಲ್ಲ. ಮಧ್ಯಮ ದಪ್ಪದ ನೂಲು 100 ಗ್ರಾಂಗೆ ಸುಮಾರು 200 ಮೀಟರ್ ಬರುತ್ತದೆ. ಅಂದರೆ 10 ಗ್ರಾಂ ಉಂಡೆಯಲ್ಲಿ 20 ಮೀಟರ್ ಇದೆ. ಒಂದು ದಟ್ಟ ಚೆಂಡಿಗೆ ಅಷ್ಟು ಬೇಕು. ಐದು ಗ್ರಾಂ ಇಟ್ಟುಕೊಂಡು ಒಂದೇ ಬಣ್ಣದ ದೊಡ್ಡ ಚೆಂಡಿಗೆ ಕೂತರೆ ಅರ್ಧದಾರಿಯಲ್ಲಿ ನೂಲು ಮುಗಿಯುತ್ತದೆ.

ಚೆಂಡನ್ನು ಎಲ್ಲರೂ ಸುಲಭವೆನ್ನುತ್ತಾರೆ, ಹೆಚ್ಚು ಕೆಡುವುದೂ ಅದೇ. ಗಟ್ಟಿ ರಟ್ಟಿನಲ್ಲಿ 7 ಸೆಂ.ಮೀ. ಅಗಲದ ಎರಡು ಬಿಲ್ಲೆ ಕತ್ತರಿಸಿ, ನಡುವೆ 2.5 ಸೆಂ.ಮೀ. ತೂತು ಮಾಡಿ. ಎರಡಕ್ಕೂ ಒಂದು ಕಡೆ ಅಂಚಿನಿಂದ ತೂತಿನವರೆಗೆ ಸೀಳು ಬಿಟ್ಟರೆ ಸೂಜಿಯಿಲ್ಲದೆ ನೂಲು ಸುತ್ತಬಹುದು. ಬಿಲ್ಲೆಗಳನ್ನು ಜೋಡಿಸಿ, ತೂತು ಹೆಚ್ಚುಕಡಿಮೆ ಮುಚ್ಚುವವರೆಗೆ ಸುತ್ತಿ. ತೂತು ತೀರ ಚಿಕ್ಕದಾದರೆ ಬೇಗ ತುಂಬಿಬಿಡುತ್ತದೆ, ಚೆಂಡು ಬೋಳಾಗುತ್ತದೆ. ತೀರ ದೊಡ್ಡದಾದರೆ ನೂಲು ನುಂಗುತ್ತದೆ. ಬಣ್ಣ ಬದಲಿಸುವಾಗ ಗಂಟು ಹಾಕಬೇಡಿ. ಹಳೆಯ ಎಳೆಯ ತುದಿಯನ್ನೂ ಹೊಸದರ ತುದಿಯನ್ನೂ ಹೊರ ಅಂಚಿನಲ್ಲಿ ಬಿಟ್ಟರಾಯಿತು. ಹೇಗೂ ಅಲ್ಲೇ ಕತ್ತರಿ ಆಡುವುದು. ಗಂಟಿದ್ದರೆ ಅದು ಚೆಂಡಿನ ಮೈಮೇಲೆ ಗುಳ್ಳೆಯಾಗಿ ಕಾಣುತ್ತದೆ.

ಇನ್ನು ಕಟ್ಟುವ ದಾರ. ಚೆಂಡು ಉದುರುವುದಕ್ಕೆ ಮುಖ್ಯ ಕಾರಣ ಅದೇ ನೂಲಿನಿಂದ ನಡು ಕಟ್ಟುವುದು. ಹೆಣಿಗೆಯ ನೂಲು ಎಳೆದರೆ ಹಿಗ್ಗುತ್ತದೆ, ಗಂಟು ಬಿದ್ದ ಮೇಲೆ ಮತ್ತೆ ಕುಗ್ಗಿ ಸಡಿಲವಾಗುತ್ತದೆ. ಜೋರಾಗಿ ಎಳೆದರೆ ಕಿತ್ತೇ ಬರುತ್ತದೆ. ಹತ್ತಿಯ ಕ್ರೋಶಾ ದಾರ ಅಥವಾ ಗುಂಡಿ ಹೊಲಿಯುವ ದಪ್ಪ ದಾರವನ್ನು ಜೋಡಿ ಎಳೆ ಮಾಡಿ ಬಳಸಿ. ಬಿಲ್ಲೆಗಳ ನಡುವೆ ಕತ್ತರಿಯಿಂದ ಸುತ್ತಲೂ ಕತ್ತರಿಸಿದ ಮೇಲೆ, ಬಿಲ್ಲೆ ತೆಗೆಯುವ ಮೊದಲು, ಈ ದಾರವನ್ನು ನಡುವೆ ಇಳಿಸಿ. ಗಂಟಿನ ಮೊದಲ ಸುತ್ತನ್ನು ಒಂದರ ಬದಲು ಎರಡು ಸಲ ತಿರುವಿ ಬಿಗಿಯಿರಿ, ಎರಡನೆಯದು ಹಾಕುವವರೆಗೆ ಮೊದಲನೆಯದು ಜಾರುವುದಿಲ್ಲ. ದಾರವನ್ನು ಇನ್ನೊಂದು ಬಗಲಿಗೆ ತಂದು ಮತ್ತೊಮ್ಮೆ ಕಟ್ಟಿ. ಬಿಲ್ಲೆ ತೆಗೆದು, ಉದ್ದ ಎಳೆಗಳನ್ನು ಸವರಿದರೆ ಸುಮಾರು 6 ಸೆಂ.ಮೀ. ಚೆಂಡು ಉಳಿಯುತ್ತದೆ. ಸವರುವುದಕ್ಕೆ ಅಂಜಿದವರ ಚೆಂಡು ಗುಂಡಗಾಗುವುದೇ ಇಲ್ಲ. ಉಣ್ಣೆಯ ಚೆಂಡನ್ನು ಕ್ಷಣಕಾಲ ಹಬೆಗೆ ಹಿಡಿದರೆ ಅರಳುತ್ತದೆ. ಅಕ್ರಿಲಿಕ್ಕಿಗೆ ಹಬೆ ಹೆಚ್ಚಾದರೆ ಎಳೆಯ ಪುಟಿತ ಹೋಗಿ ಜೋಲುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಕುಚ್ಚಿಗೂ ಇದೇ ಕಟ್ಟುವ ದಾರ. ಉಳಿದಂತೆ ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: 10 ಸೆಂ.ಮೀ. ರಟ್ಟಿನ ಮೇಲೆ 40 ಸುತ್ತು, ಮೇಲ್ತುದಿಯಲ್ಲಿ ಗಂಟು, 1.5 ಸೆಂ.ಮೀ. ಕೆಳಗೆ ಸುತ್ತಿ ಕಟ್ಟಿದ ಕುತ್ತಿಗೆ, ತಳದಲ್ಲಿ ಕತ್ತರಿ.

ಬಲೂನಿನ ಮೇಲೆ ನೂಲು ಸುತ್ತಿ ಟೊಳ್ಳು ಗೋಳ ಮಾಡುವುದಕ್ಕೆ ಹತ್ತಿ ನೂಲೇ ಆಗಬೇಕು. ಅಕ್ರಿಲಿಕ್ ನೀರು ಹೀರುವುದು ಅತ್ಯಲ್ಪ. ಅಂಟು ಎಳೆಯ ಒಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ, ಎಷ್ಟು ಸುರಿದರೂ ಹತ್ತಿಯಷ್ಟು ಬಿಗಿ ಬರದು. ಬಿಳಿ ಅಂಟು ಎರಡು ಪಾಲು, ನೀರು ಒಂದು ಪಾಲು. ನೀರು ಹೆಚ್ಚಾದರೆ ಗೋಳ ಮೆತ್ತಗಾಗುತ್ತದೆ. ಬಲೂನನ್ನು 12ರಿಂದ 15 ಸೆಂ.ಮೀ. ಅಗಲಕ್ಕೆ ಊದಿ, ಮೈಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ನೆನೆದ ನೂಲನ್ನು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಸುತ್ತಿ. ಕಿಂಡಿಗಳು 2 ಸೆಂ.ಮೀ.ಗಿಂತ ದೊಡ್ಡದಾಗಿದ್ದರೆ ಆ ಜಾಗ ಒಳಕ್ಕೆ ಕುಸಿಯುತ್ತದೆ. ತೂಗುಹಾಕಿ ಕನಿಷ್ಠ 24 ಗಂಟೆ ಒಣಗಲಿ, ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಬಿಸಿಲಿಗೆ ಇಟ್ಟರೆ ಬೇಗ ಒಣಗೀತು ಎಂಬ ಆಸೆ ಬೇಡ. ಬಿಸಿಗೆ ಬಲೂನು ಹಿಗ್ಗಿ ಒಡೆಯಬಹುದು, ತಂಪಾದಾಗ ಕುಗ್ಗಿ ಹಸಿ ನೂಲನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಬಿಡಿಸುವಾಗಲೂ ಅವಸರ ಸಲ್ಲದು. ಅಂಟಿದ ಕಡೆಯಲ್ಲೆಲ್ಲ ಪೆನ್ಸಿಲ್ಲಿನ ಮೊಂಡು ತುದಿಯಿಂದ ಬಲೂನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿಸಿ, ಆಮೇಲೆ ಬಲೂನಿನ ಗಂಟಿನ ಬುಡದಲ್ಲಿ ಚುಚ್ಚಿ ಗಾಳಿ ನಿಧಾನವಾಗಿ ಹೋಗಲು ಬಿಡಿ. ಪಟ್ಟನೆ ಒಡೆದರೆ ಗೋಳದ ಒಂದು ಮಗ್ಗುಲು ಅದರ ಜೊತೆಗೇ ಹೋದೀತು. ಒಳಗೆ ದೀಪ ಇಡುವುದಾದರೆ ಬಿಸಿಯಾಗದ ಚಿಕ್ಕ ಎಲ್‌ಇಡಿ ಮಾತ್ರ. ಮೇಣದಬತ್ತಿಯನ್ನಾಗಲಿ ಹಳೆಯ ತಂತಿಯ ಬಲ್ಬನ್ನಾಗಲಿ ನೂಲಿನ ಹತ್ತಿರಕ್ಕೂ ತರಬಾರದು.

ಉಣ್ಣೆಯ ಚೂರುಗಳಿಗೆ ಬೇರೆಯೇ ಒಂದು ದಾರಿಯಿದೆ. ಅವನ್ನು ಬಿಗಿಯಾಗಿ ಉಂಡೆ ಸುತ್ತಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ತುಂಬಿ, ಒಂದೊಂದರ ನಡುವೆ ಹತ್ತಿ ದಾರದಿಂದ ಕಟ್ಟಿ, ಸಾಬೂನು ಹಾಕಿದ ಬಿಸಿ ನೀರಿನಲ್ಲಿ ಯಂತ್ರದಲ್ಲಿ ಎರಡು ಸಲ ಒಗೆಯಿರಿ. ಉಣ್ಣೆಯ ಎಳೆಯ ಮೇಲಿನ ಪೊರೆಗಳು ಬಿಸಿ, ಸಾಬೂನು, ತಿಕ್ಕಾಟ ಮೂರೂ ಸೇರಿದಾಗ ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಗಟ್ಟಿ ಗುಂಡಾಗುತ್ತವೆ. ಸರಕ್ಕೆ ಪೋಣಿಸಲು ಇದಕ್ಕಿಂತ ಒಳ್ಳೆಯ ಗುಂಡು ಇಲ್ಲ. ಯಂತ್ರದಲ್ಲಿ ಒಗೆಯಬಹುದು ಎಂದು ಮಾರುವ ಸೂಪರ್‌ವಾಶ್ ಉಣ್ಣೆಯಲ್ಲಿ ಈ ಪೊರೆಗಳನ್ನು ಸವೆಸಿ ಅಥವಾ ಲೇಪಿಸಿ ನಯ ಮಾಡಿರುತ್ತಾರೆ, ಅದು ಗಟ್ಟಿಯಾಗುವುದಿಲ್ಲ. ಅಕ್ರಿಲಿಕ್ ಅಂತೂ ಎಷ್ಟು ಒಗೆದರೂ ಉಂಡೆಯಾಗಿಯೇ ಉಳಿಯುತ್ತದೆ. ಕಡು ಬಣ್ಣದ ನೂಲನ್ನು ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಕಲೆ ಬಿದ್ದರೆ ಅದಕ್ಕೆ ಬೇರೆ ಚೀಲ.

ಜಾತಿ, ದಪ್ಪ, ಉದ್ದ ಎಲ್ಲ ಕಲಸಿಹೋದ ರಾಶಿಗೆ ನಮ್ಮ ಮೊದಲ ಆಯ್ಕೆ ರಟ್ಟಿನ ಮೇಲಿನ ಪುಟ್ಟ ನೇಯ್ಗೆ. ಗೋಡೆಗೆ ತೂಗುಹಾಕುವ ವಸ್ತುವನ್ನು ಒಗೆಯುವುದಿಲ್ಲವಾದ್ದರಿಂದ ಬೇರೆಬೇರೆ ನೂಲು ಬೆರೆತರೂ ಅಡ್ಡಿಯಿಲ್ಲ. ಪೆಟ್ಟಿಗೆಯ ಸುಕ್ಕುರಟ್ಟಿನೊಳಗಿನ ಗೆರೆಗಳು ಹಾಸಿನ (ಮೇಲಿನಿಂದ ಕೆಳಗೆ ಬಿಗಿದ ಎಳೆಗಳ) ಉದ್ದಕ್ಕೇ ಓಡುವಂತೆ ಹಿಡಿಯಿರಿ. ಅಡ್ಡ ಇದ್ದರೆ ಹಾಸಿನ ಬಿಗಿತಕ್ಕೆ ರಟ್ಟು ಮಡಚಿಕೊಳ್ಳುತ್ತದೆ. ಮೇಲೂ ಕೆಳಗೂ ಅಂಚಿನಲ್ಲಿ 1 ಸೆಂ.ಮೀ.ಗೊಂದು ಕಚ್ಚು ಮಾಡಿ, ಹತ್ತಿ ದಾರದ ಹಾಸು ಹಾಕಿ. ಹಾಸಿನ ಎಳೆಗೆ ಹಿಗ್ಗುವ ನೂಲು ಖಂಡಿತ ಬೇಡ. ಹೊಕ್ಕನ್ನು, ಅಂದರೆ ಅಡ್ಡ ಹಾಯಿಸುವ ನೂಲನ್ನು, ನೇರವಾಗಿ ಎಳೆದರೆ ನೇಯ್ಗೆ ನಡುವಿನಲ್ಲಿ ಸಣಕಲಾಗುತ್ತದೆ. ಪ್ರತಿ ಸಾಲನ್ನೂ ಕಮಾನಿನಂತೆ ಮೇಲಕ್ಕೆ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಗೆ ತಳ್ಳಿದರೆ ಅಗಲ ಮೊದಲಿನಷ್ಟೇ ಉಳಿಯುತ್ತದೆ. 10 ಸೆಂ.ಮೀ. ಆಸುಪಾಸಿನ ತುಂಡುಗಳನ್ನು ಎರಡೆರಡು ಹಾಸಿನೆಳೆಗೆ ಸಿಕ್ಕಿಸಿ ಜಾಲರಿಯಾಗಿ ಬಿಡಬಹುದು. ಅಂಥ ಪ್ರತಿ ಸಾಲಿನ ಮೇಲೆ ಎರಡು ಮೂರು ಸಾದಾ ಸಾಲು ನೇಯದಿದ್ದರೆ ಅವು ಜಾರಿ ಬೀಳುತ್ತವೆ.

ಹಳೆಯ ಉಣ್ಣೆ ರಾಶಿಯಲ್ಲಿ ನುಸಿಯ ಮರಿಹುಳು ಇರಬಹುದು. ಎಳೆ ಅಲ್ಲಲ್ಲಿ ತುಂಡಾಗಿದ್ದರೆ, ಸಣ್ಣ ಕಾಳಿನಂಥ ಹಿಕ್ಕೆ ಕಂಡರೆ ಅದೇ ಗುರುತು. ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ನೂಲು ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ನೂಲಿನ ಮೇಲೆ ನೀರು ಕೂರುತ್ತದೆ.

ಕೊನೆಗೂ ಉಳಿಯುವ ಬೆರಳುದ್ದದ ಚೂರುಗಳನ್ನು ದಿಂಬಿಗೋ ಸೂಜಿ ಚುಚ್ಚುವ ಮೆತ್ತೆಗೋ ತುಂಬಿ. ಮೂರು ವರ್ಷದೊಳಗಿನ ಮಕ್ಕಳಿಗೆ ಚೆಂಡು, ಕುಚ್ಚು ಆಡಲು ಕೊಡಬೇಡಿ. ಎಳೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ನೂಲಿನ ಚೂರುಗಳನ್ನು ಹಕ್ಕಿಗಳ ಗೂಡಿಗೆಂದು ಮರಕ್ಕೆ ಕಟ್ಟುವ ಸಲಹೆ ಒಮ್ಮೊಮ್ಮೆ ಕಾಣಿಸುತ್ತದೆ, ಅದು ತಪ್ಪು. ಎಳೆಗಳು ಮರಿಗಳ ಕಾಲಿಗೆ, ಕುತ್ತಿಗೆಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸುತ್ತವೆ, ಗೂಡಿನಿಂದ ಹಾರಲಾಗದೆ ಮರಿ ನೇತಾಡಿ ಸಾಯುತ್ತದೆ. ಅಂಥ ಸಲಹೆ ಯಾರೇ ಬರೆದು ಕಳಿಸಿದರೂ ದಯವಿಟ್ಟು ಪ್ರಕಟಿಸಬೇಡಿ.

ಇತಿ,
ಹೆಣಿಗೆ, ಕ್ರೋಶಾ ಕಲಿಸುವ ಕೆಲವು ಓದುಗರು