ಬೆಳ್ಳಿ ಬಣ್ಣದ ಗುಟ್ಟು ಹೇಳಿಕೊಟ್ಟವರಿಗೆ

ಮಾದರಿ ವಿಮಾನಗಳ ಪ್ರದರ್ಶನದಲ್ಲಿ ಪಕ್ಕದ ಮೇಜಿನಲ್ಲಿದ್ದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಹಾಗಾಗಿ ಈ ಧನ್ಯವಾದ ಎಲ್ಲರೆದುರೇ ಸಲ್ಲಲಿ.

1:72 ಅಳತೆಯ ಹಾಕರ್ ಫ್ಯೂರಿ ಮುಗಿದಿದೆ. 1931ರಲ್ಲಿ ಇಂಗ್ಲೆಂಡಿನ ಟ್ಯಾಂಗ್‌ಮಿಯರ್ ವಾಯುನೆಲೆಯ 43ನೇ ಸ್ಕ್ವಾಡ್ರನ್ನಿಗೆ ಬಂದ, ಗಂಟೆಗೆ 200 ಮೈಲಿ ವೇಗ ದಾಟಿದ ಬ್ರಿಟಿಷ್ ವಾಯುಪಡೆಯ ಮೊದಲ ಫೈಟರ್ ಅದು. ಅದರ ಮೂಗು, ತಿಕ್ಕಿ ಹೊಳಪಿಸಿದ ಲೋಹ. ರೆಕ್ಕೆಗಳು ಅಲ್ಯೂಮಿನಿಯಂ ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಬೆಳ್ಳಿ ಬಣ್ಣದ ಲೇಪ) ಬಳಿದ ಬಟ್ಟೆ. ಎರಡಕ್ಕೂ ಒಂದೇ ಬೆಳ್ಳಿ ಹೊಡೆದರೆ ಜಾತ್ರೆಯ ಆಟಿಕೆಯಾಗುತ್ತದೆ ಎಂದಿರಿ. ಮೂಗಿಗೆ ಮೊದಲು ಹೊಳಪಿನ ಕಪ್ಪು, ಅದು ಪೂರ್ತಿ ಗಟ್ಟಿಯಾದ ಮೇಲೆ ಏರ್‌ಬ್ರಷ್‌ನಿಂದ ತೆಳ್ಳಗೆ ಲೋಹದ ಬಣ್ಣ. ರೆಕ್ಕೆಗೆ ಬೂದು ಪ್ರೈಮರ್ ಮೇಲೆ ಮಂಕು ಬೆಳ್ಳಿ. ಈಗ ಕಿಟಕಿಯ ಬೆಳಕಿಗೆ ಹಿಡಿದರೆ ಲೋಹ ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯಿತು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಕಪ್ಪು-ಬಿಳುಪು ಚೌಕಳಿಯ ಡೆಕಾಲ್‌ಗೆ (ಮಾದರಿಯ ಮೇಲೆ ಅಂಟಿಸುವ ತೆಳು ಚಿತ್ರ) ಮೆದುಗೊಳಿಸುವ ದ್ರವ ಹಚ್ಚಿದ ಮೇಲೆ ಎಷ್ಟೇ ಸುಕ್ಕೆದ್ದರೂ ಮುಟ್ಟಬೇಡಿ ಎಂದಿದ್ದಿರಿ. ಕೈಕಟ್ಟಿ ಕೂರುವುದು ಬಣ್ಣ ಹೊಡೆಯುವುದಕ್ಕಿಂತ ಕಷ್ಟ ಸ್ವಾಮಿ! ಆದರೆ ಒಣಗುತ್ತ ಅದು ರೆಕ್ಕೆಯ ಏರುತಗ್ಗಿಗೆ ತಾನಾಗಿಯೇ ಅಂಟಿಕೊಂಡಿತು. ನೀವು ಕೊಟ್ಟ ಹಿಗ್ಗುವ ದಾರ ಮೇಲಿನ-ಕೆಳಗಿನ ರೆಕ್ಕೆಗಳ ನಡುವಿನ ತಂತಿಗಳಿಗೆಲ್ಲ ಸಾಕಾಗಿ ಇನ್ನೂ ಉಳಿದಿದೆ. ಮುಂದಿನ ಪ್ರದರ್ಶನಕ್ಕೆ ಖಂಡಿತ ಬನ್ನಿ, ಕಾಫಿ ನನ್ನ ಲೆಕ್ಕ.