ಪುಟ್ಟಿಗೆ, ಇಂಜೆಕ್ಷನ್ ಶುರುವಾಗುವ ಮುಂಚೆ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಸಂಧಿವಾತಕ್ಕೆ ಸ್ಟೀರಾಯ್ಡ್ ಇನ್ನು ಸಾಕು, ಬಯಾಲಾಜಿಕ್ (ಜೀವಕೋಶಗಳಿಂದ ತಯಾರಿಸುವ ಔಷಧಿ) ಇಂಜೆಕ್ಷನ್ ಶುರು ಮಾಡೋಣ ಅಂತ ಡಾಕ್ಟರು ಹೇಳಿದ್ದಾರಂತೆ. ಅಮ್ಮ ಫೋನಿನಲ್ಲಿ ಹೇಳಿದಳು. "ಇಷ್ಟು ವರ್ಷ ಮಾತ್ರೆಯಲ್ಲೇ ನಡೀತಲ್ಲ, ಹಾಗೇ ಇರಲಿ" ಅಂತ ನೀನು ಅಂದೆಯಂತೆ. ಅದು ಕೇಳಿ ಸುಮ್ಮನಿರಲಾಗಲಿಲ್ಲ.

ನೀನು ತಿನ್ನುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೋಲೋನ್ ಅಗ್ಗ, ಅಭ್ಯಾಸವಾದದ್ದು, ನುಂಗಿದರೆ ಬೇಗ ಬೆರಳು ಮಡಚಲು ಬರುತ್ತದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ಒಬ್ಬ ಹೆಂಗಸಿಗೆ ಇದೇ ಗುಂಪಿನ ಸ್ಟೀರಾಯ್ಡ್ ಕಾರ್ಟಿಸೋನ್ ಕೊಟ್ಟಾಗ, ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಆದರೆ ವರ್ಷಗಟ್ಟಲೆ ತಿಂದರೆ ಏನಾಗುತ್ತದೆ ಅನ್ನುವುದೂ ಬೇಗ ಗೊತ್ತಾಯಿತು. ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕು ಬೇಗ ಹತ್ತುತ್ತದೆ. ಕೆಲವರಿಗೆ ಸೊಂಟದ ಕೀಲಿನ ಮೂಳೆಯೇ ಸತ್ತುಹೋಗುತ್ತದೆ. ಡೋಸ್ ಕಡಿಮೆ ಅಲ್ವಾ ಅನ್ನಬೇಡ. ಕಡಿಮೆಯಾದರೂ ವರ್ಷಗಳ ಲೆಕ್ಕ ದೊಡ್ಡದು. ನನ್ನ ಕೇಳಿದರೆ, ನೀನು ಹೆದರಬೇಕಾದ್ದು ಹಳೇ ಮಾತ್ರೆಗೆ.

ಹೊಸದಕ್ಕೂ ಅದರದೇ ಎಚ್ಚರ ಬೇಕು. ನಿನಗೆ ಬರೆದಿರುವ ಬಯಾಲಾಜಿಕ್ ಅಡಾಲಿಮುಮಾಬ್, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಅನ್ನುವ ಪ್ರೋಟೀನನ್ನು ತಡೆಯುತ್ತದೆ. ಎದೆಯಲ್ಲಿ ಎಂದೋ ಸೇರಿ ಮಲಗಿರುವ ಟಿಬಿ ರೋಗಾಣುವನ್ನು ಅಲ್ಲೇ ಕಟ್ಟಿಹಾಕಿರುವುದೂ ಅದೇ ಟಿಎನ್‌ಎಫ್. ನಮ್ಮ ದೇಶದಲ್ಲಿ ಈ ರೋಗಾಣು ಎಷ್ಟೋ ಜನರ ಮೈಯಲ್ಲಿ ಸದ್ದಿಲ್ಲದೆ ಇರುತ್ತದೆ. ಹಾಗಾಗಿ ಎದೆಯ ಎಕ್ಸ್‌ರೇ, ಟಿಬಿ ಪತ್ತೆಗೆ ಚರ್ಮದ ಮೇಲೆ ಮಾಡುವ ಮಾಂಟೂ ಪರೀಕ್ಷೆ ಅಥವಾ ಐಜಿಆರ್‌ಎ ಅನ್ನುವ ರಕ್ತಪರೀಕ್ಷೆ ಆಗದೆ ಮೊದಲ ಇಂಜೆಕ್ಷನ್ ತೆಗೆದುಕೊಳ್ಳಲೇಬೇಡ. ಇನ್ನೊಂದು ವಿಷಯ: ಸ್ಟೀರಾಯ್ಡ್ ತಿನ್ನುವವರಲ್ಲಿ ಮಾಂಟೂ ಸುಳ್ಳೇ ನೆಗೆಟಿವ್ ಬರಬಹುದು. ನೀನು ಎಷ್ಟು ಮಿಲಿಗ್ರಾಂ ತಿನ್ನುತ್ತಿದ್ದೀಯ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ, ಎಲ್ಲಾ ಬಾಯಿಬಿಟ್ಟು ಹೇಳು. ಮಲಗಿದ ಟಿಬಿ ಸಿಕ್ಕರೆ ಅದಕ್ಕೆ ಮಾತ್ರೆ ಶುರುಮಾಡಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಕಾದು ಇಂಜೆಕ್ಷನ್ ಕೊಡುತ್ತಾರೆ. ಆ ಕಾಯುವಿಕೆಗೆ ಬೇಸರಪಡಬೇಡ. ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಲಿ. ಬೇಕಾದ ಲಸಿಕೆಗಳನ್ನು ಮೊದಲೇ ಕೇಳಿಕೋ, ಆಮೇಲೆ ಜೀವಂತ ರೋಗಾಣುವಿನ ಲಸಿಕೆಗಳನ್ನು ಕೊಡುವುದಿಲ್ಲ.

ಈಗ ಮುಖ್ಯ ಮಾತು. ಇಂಜೆಕ್ಷನ್ ಬಂತು ಅಂತ ಮಾತ್ರೆಯನ್ನು ಒಂದೇ ಸಲ ಬಿಡಬೇಡ! ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುವಾಗ, ಹಾಗೆ ಬಿಟ್ಟು ವಾಂತಿ, ತಲೆಸುತ್ತು ಅಂತ ಕುಸಿದು ಬಂದವರನ್ನು ಕಂಡಿದ್ದೇನೆ. ಹೊರಗಿನಿಂದ ದಿನಾ ಸ್ಟೀರಾಯ್ಡ್ ಬಂದರೆ, ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತದೆ. ಅದು ಮತ್ತೆ ಎಚ್ಚರವಾಗಲು ತಿಂಗಳುಗಳೇ ಬೇಕು. 5 ಮಿಲಿಗ್ರಾಂ ಹತ್ತಿರ ಬಂದ ಮೇಲಂತೂ ಇಳಿಕೆ ತುಂಬಾ ನಿಧಾನ, ಒಂದೊಂದೇ ಮಿಲಿಗ್ರಾಂ. ಆಗ ಮೈಕೈ ನೋವು, ಸುಸ್ತು ಬರಬಹುದು. ಅದು ರೋಗ ಮರಳಿದ್ದೋ, ಸ್ಟೀರಾಯ್ಡ್ ಬಿಡುವಾಗಿನ ನೋವೋ ಅಂತ ಡಾಕ್ಟರೇ ನೋಡಿ ಹೇಳಬೇಕು. ಇಂಜೆಕ್ಷನ್ ಪೂರ್ತಿ ಹಿಡಿಯಲೂ ಎರಡು ಮೂರು ತಿಂಗಳಾಗಬಹುದು. ನಡುವೆ ಜೋರು ಜ್ವರ ಬಂದರೆ, ಆಪರೇಷನ್ ಏನಾದರೂ ಇದ್ದರೆ, ಸ್ಟೀರಾಯ್ಡ್ ತಿನ್ನುತ್ತಿದ್ದೆ ಅಂತ ಮೊದಲೇ ತಿಳಿಸು. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೋ.

ಖರ್ಚಿನ ಚಿಂತೆ ನನಗೂ ಇದೆ. ಆದರೆ 2014ರಿಂದ ನಮ್ಮಲ್ಲೇ ತಯಾರಾದ ಅಡಾಲಿಮುಮಾಬ್ ಬಯೋಸಿಮಿಲರ್‌ಗಳು, ಅಂದರೆ ಮೂಲ ಔಷಧಿಯನ್ನೇ ಹೋಲುವ ಇಂಜೆಕ್ಷನ್‌ಗಳು, ಸಿಗುತ್ತವೆ, ಮೂಲ ಬ್ರ್ಯಾಂಡಿಗಿಂತ ಕಡಿಮೆ ಬೆಲೆಗೆ. ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳು, ಸಂಕೋಚ ಬೇಡ. ಉಳಿದದ್ದಕ್ಕೆ ನಾನಿದ್ದೇನೆ. ಸಿರಿಂಜನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡು, ಫ್ರೀಜರಿನಲ್ಲಿ ಬೇಡ.

ಮಗುವಿನ ಯೋಚನೆ ಇದ್ದರೆ ಅದನ್ನೂ ಈಗಲೇ ಹೇಳು. ಸಂಧಿವಾತಕ್ಕೆಂದೇ ನೀನು ವಾರಕ್ಕೊಮ್ಮೆ ತಿನ್ನುವ ಇನ್ನೊಂದು ಮಾತ್ರೆ ಮೆಥೋಟ್ರೆಕ್ಸೇಟನ್ನು ಗರ್ಭ ನಿಲ್ಲುವ ಮೊದಲೇ ನಿಲ್ಲಿಸಬೇಕು. ರಿಪೋರ್ಟುಗಳು ಬಂದ ದಿನ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ದೊಡ್ಡಮ್ಮ