ಆಪ್ಷನ್ ಎಂಟ್ರಿಗೆ ಮುಂಚೆ ಕಟ್‌ಆಫ್ ಪಟ್ಟಿ ನೋಡೋದು ಹೇಳಿಕೊಡಿ

ಸಂಪಾದಕರಿಗೆ ನಮಸ್ಕಾರ,

ಕೋಲಾರದಲ್ಲಿ ನನ್ನದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಸಿಇಟಿ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಆನ್‌ಲೈನಿನಲ್ಲಿ ಸಾಲಾಗಿ ಹಾಕೋದು, ಶುರುವಾದರೆ ಅಂಗಡಿ ಮುಂದೆ ಚಪ್ಪಲಿ ಬಿಡೋಕೂ ಜಾಗ ಇರುವುದಿಲ್ಲ. ಮೊನ್ನೆ ಒಬ್ಬ ರೈತರು ಟೊಮೆಟೊ ಮಂಡಿಯಿಂದ ನೇರವಾಗಿ ಮಗನನ್ನು ಕರೆದುಕೊಂಡು ಬಂದರು. ಜೇಬಿನಿಂದ ಮಂಡಿ ಚೀಟಿ ತೆಗೆದು ತಿರುಗಿಸಿ ಕೊಟ್ಟರು. ಒಂದು ಕಡೆ ಬಾಕ್ಸ್ ಲೆಕ್ಕ, ಇನ್ನೊಂದು ಕಡೆ ಹನ್ನೊಂದು ಕಾಲೇಜಿನ ಹೆಸರು. ಎಲ್ಲವೂ ಬೆಂಗಳೂರಿನವು, ಎಲ್ಲದರ ಮುಂದೂ ‘ಸಿಎಸ್’, ಅಂದರೆ ಕಂಪ್ಯೂಟರ್ ಸೈನ್ಸ್. "ನಮ್ಮಕ್ಕನ ಮಗ ಬರೆದುಕೊಟ್ಟಿದ್ದು, ಹಂಗೇ ಹಾಕಿಬಿಡಣ್ಣ" ಅಂದರು.

ಮೊದಲನೆಯದೇ ಮೈಸೂರು ರಸ್ತೆ ಕಡೆಯ ಕಾಲೇಜು. ಹಾಸ್ಟೆಲ್ಲಾ ಅಂತ ಕೇಳಿದರೆ ಇಲ್ಲ, ದಿನಾ ಬಸ್ಸಲ್ಲಿ ಹೋಗಿ ಬರುತ್ತಾನಂತೆ. ನಮ್ಮ ಬಸ್ಸು ಕೆ.ಆರ್. ಪುರ ದಾಟುವಷ್ಟರಲ್ಲೇ ಸುಸ್ತಾಗಿರುತ್ತದೆ, ಅಲ್ಲಿಂದ ಇಡೀ ಊರು ದಾಟಿ ಆ ಕೊನೆಗೆ ಹೋಗಬೇಕು, ಅದೂ ನಾಲ್ಕು ವರ್ಷ! ಕೋಲಾರ, ಕೆಜಿಎಫ್‌ನಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ. ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ಬೆಂಗಳೂರಿನ ಯುವಿಸಿಇ (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜು) ಯಾಕಿಲ್ಲ ಅಂದೆ. "ಅದು ಗೌರ್ಮೆಂಟ್ ಕಾಲೇಜು ಅಲ್ವಾ?" ಅಂದರು ಅಪ್ಪ. ನಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜು ಅದು. ಖಾಸಗಿಯವಕ್ಕಿಂತ ಫೀಸು ಎಷ್ಟೋ ಕಡಿಮೆ. ಗಾಜಿನ ಕಟ್ಟಡ ಇಲ್ಲ, ಅಷ್ಟೇ. ಹುಡುಗ ಮಾತ್ರ ಬೇರೆ ಕಾರಣ ಹೇಳಿದ: "ಕಟ್‌ಆಫ್ ನೋಡಿದೆ ಸಾರ್, ನನಗೆ ಸಿಗಲ್ಲ." ಕಟ್‌ಆಫ್ ಅಂದರೆ ಹೋದ ವರ್ಷ ಅಲ್ಲಿ ಸೀಟು ಸಿಕ್ಕ ಕೊನೆಯ ರ‍್ಯಾಂಕ್. ಎಲ್ಲಿ ತೋರಿಸು ಅಂದರೆ ಮೊಬೈಲಿನಲ್ಲಿ ಜಿಎಂ (ಜನರಲ್ ಮೆರಿಟ್, ಮೀಸಲಾತಿ ಇಲ್ಲದ್ದು) ಅನ್ನೋ ಕಾಲಂ ತೋರಿಸಿದ. ಅವನು ಹಿಂದುಳಿದ ವರ್ಗದ 2ಎ, ಒಂದರಿಂದ ಹತ್ತರವರೆಗೂ ಹಳ್ಳಿ ಶಾಲೆಯಲ್ಲೇ ಓದಿದವನು, ಗ್ರಾಮೀಣ ಮೀಸಲಾತಿಗೂ ಅರ್ಜಿಯಲ್ಲೇ ಟಿಕ್ ಹಾಕಿದ್ದಾನೆ. ಹಾಗಾಗಿ ಅವನು ನೋಡಬೇಕಾದದ್ದು 2ಎಆರ್ ಕಾಲಂ ಕೂಡ. ಕೊನೆಯ ಅಕ್ಷರ ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಆ ಕಾಲಂನಲ್ಲಿ ಎಲೆಕ್ಟ್ರಿಕಲ್‌ಗೆ ಅವನ ರ‍್ಯಾಂಕ್ ಹತ್ತಿರ ಹತ್ತಿರ ಇತ್ತು. ಎರಡು ವರ್ಷ ಪಿಯುಸಿ ಓದಿದ ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಇನ್ನೊಂದು ಭಯ ಎಲ್ಲರಿಗೂ ಇದೆ. ದೊಡ್ಡ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದೂ ಕೈತಪ್ಪುತ್ತದೆ ಅಂತ. ಸುಮ್ನೆ ಭಯ. ಸೀಟು ಹಂಚೋದು ರ‍್ಯಾಂಕ್ ಪ್ರಕಾರ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ನೋಡುತ್ತಾ ಬರುತ್ತಾರೆ, ಮೊದಲು ಖಾಲಿ ಕಂಡದ್ದು ನಿಮಗೆ. ಸಿಗದ್ದನ್ನು ಮೇಲೆ ಹಾಕಿದರೆ ನಷ್ಟ ಇಲ್ಲ, ಬೇಡದ್ದನ್ನು ಮೇಲೆ ಹಾಕಿದರೆ ಮಾತ್ರ ಇದೆ. ಐದನೆಯದು ಸಿಕ್ಕಿತು ಅನ್ನಿ, ಎರಡನೇ ಚಾಯ್ಸ್ ಕೊಟ್ಟು, ಅಂದರೆ ಅದನ್ನು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾದರೂ ನೋಡೋದು ಅದಕ್ಕಿಂತ ಮೇಲಿನ ನಾಲ್ಕನ್ನು ಮಾತ್ರ, ಆರನೆಯದು ಬೇಕಿತ್ತು ಅಂತ ಆಮೇಲೆ ಅತ್ತರೆ ಬರುವುದಿಲ್ಲ. ನಿಜವಾದ ಹಂಚಿಕೆಗೆ ಮುಂಚೆ ಮಾಡೋ ಅಣಕು ಸೀಟು ಹಂಚಿಕೆ ಬಂದ ಮೇಲೆ ಪಟ್ಟಿ ಅದಲು ಬದಲು ಮಾಡಬಹುದು, ಅದಕ್ಕೂ ಬರೋರು ಕಡಿಮೆ.

ಈ ಮಧ್ಯೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ತೀವಿ ಅನ್ನೋರ ಫೋನು ಬೇರೆ. ಅವರ ವಿಷಯ ಬಿಡಿ.

ಪಿಯು ಇಲಾಖೆಯವರಲ್ಲಿ ನಾನು ಕೇಳೋದು ಇಷ್ಟೇ. ಜಿಲ್ಲೆಯ ಸರ್ಕಾರಿ ಪಿಯು ಕಾಲೇಜುಗಳಲ್ಲಿ ಅರ್ಧ ದಿನ ಹೋದ ವರ್ಷದ ಕಟ್‌ಆಫ್ ಪಟ್ಟಿ ತೆರೆದು, ಒಬ್ಬೊಬ್ಬ ಹುಡುಗ ಹುಡುಗಿಗೂ ತಮ್ಮ ಕಾಲಂ ಯಾವುದು ಅಂತ ಬೆರಳಿಟ್ಟು ತೋರಿಸಿ. ಅಪ್ಪ ಅಮ್ಮನನ್ನೂ ಕರೆಯಿರಿ, ಮಂಡಿ ಹರಾಜು ಮುಗಿಯೋ ಹೊತ್ತಿಗೆ ಇಟ್ಟರೆ ಬರುತ್ತಾರೆ. ನನ್ನ ವ್ಯಾಪಾರ ಕಮ್ಮಿಯಾದರೆ ಆಗಲಿ.

ಆ ಹುಡುಗನ ಪಟ್ಟಿ ಈಗ ಇಪ್ಪತ್ತಮೂರು ಸಾಲು. ಮಂಡಿ ಚೀಟಿ ನನ್ನ ಟೇಬಲ್ ಮೇಲೇ ಬಿಟ್ಟು ಹೋಗಿದ್ದಾರೆ, ಬಾಕ್ಸ್ ಲೆಕ್ಕಕ್ಕೆ ಬೇಕಾಗುತ್ತೆ, ಬಂದು ತಗೊಂಡು ಹೋಗಲಿ.

– ಸೈಬರ್ ಸೆಂಟರ್ ನಡೆಸುವ ಓದುಗ, ಕೋಲಾರ